ಹದಿನೆಂಟನೇ ತಟ್ಟೆ

ಜನವರಿ ೧೧

ಪ್ರೀತಿಯ ತಮ್ಮನಿಗೆ,

ಫೋನಿನಲ್ಲಿ ನೀನು ನಗುತ್ತೀಯ. ನಗುವವನ ಹತ್ತಿರ ಕೆಲಸದ ಮಾತು ಆಡಲು ನನಗೆ ಬರುವುದಿಲ್ಲ, ಅದಕ್ಕೇ ಪತ್ರ. ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಬರೆಯುತ್ತಿದ್ದವನು ನೀನು. ಕೈಗೆ ಮರೆತಿರಲಾರದು.

ವಿಷಯ ಇದು. ನಿನ್ನ ಮಗಳು ಬುಗುರಿಯ ಕರುಳಿನ ಉರಿಯೂತಕ್ಕೆ ಇದುವರೆಗೆ ಕೊಟ್ಟ ಎರಡು ಔಷಧಿಗಳೂ ಹಿಡಿಯಲಿಲ್ಲ. ಇನ್ನು ಮೂರು ಉಳಿದಿವೆ. ಯಾವುದನ್ನು ಮೊದಲು ಕೊಡಬೇಕೆಂದು ಅವಳ ಹೊಟ್ಟೆ ಡಾಕ್ಟರಿಗೂ ಖಚಿತವಿಲ್ಲ. ಒಂದೊಂದನ್ನೂ ಮಗುವಿಗೆ ಕೊಟ್ಟು ಮೂರು ಮೂರು ತಿಂಗಳು ಕಾಯುವ ಬದಲು ಕೋಶ ಬೆಳೆಸುವ ತಟ್ಟೆಯಲ್ಲಿ ಹಾಕಿ ನೋಡಬಹುದು. ನಮ್ಮ ಪ್ರಯೋಗಾಲಯದಲ್ಲಿ ನಡೆಯುವುದು ಅದೇ. ಎರಡು ಚಮಚ ರಕ್ತ ಸಾಕು. ಅದರ ಕೋಶಗಳನ್ನು ಹಿಂದಕ್ಕೆ ನಡೆಸಿ, ಇನ್ನೂ ಯಾವ ಅಂಗವೂ ಆಗಿರದ ಕಾಂಡಕೋಶಗಳನ್ನಾಗಿ ಮಾಡುತ್ತೇವೆ. ಆಮೇಲೆ ಹಂತ ಹಂತವಾಗಿ ಬೇರೆ ಬೇರೆ ರಸ ಕೊಟ್ಟು ಕರುಳಿನ ದಾರಿಗೆ ಹಚ್ಚುತ್ತೇವೆ. ಐದು ತಿಂಗಳಿಗೆ ಸಾಸಿವೆ ಕಾಳಿಗಿಂತ ಚಿಕ್ಕ ಕರುಳು ತಯಾರಾಗುತ್ತದೆ. ಒಳಗೆ ಪೊಳ್ಳು, ಸುತ್ತ ಒಂದೇ ಪದರದ ಗೋಡೆ. ಬುಗುರಿಯ ರಕ್ತದಿಂದ ಆದದ್ದು ಬುಗುರಿಯ ಕರುಳಿನ ಹಾಗೆ ನಡೆದುಕೊಳ್ಳುತ್ತದೆ ಎಂದು ನಿರೀಕ್ಷೆ. ನಾಳೆಯೇ ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಊಹೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಕಾಯಿಲೆಯ ಕರುಳಿನ ಪಕ್ಕದಲ್ಲಿಟ್ಟು ಹೋಲಿಸಲು ಅದೇ ಮನೆಯ ಒಂದು ಆರೋಗ್ಯದ ಕರುಳು ಬೇಕು. ಕಳೆದ ವಾರ ಮನೆಗೆ ಬಂದಿದ್ದಾಗ ನಿನ್ನ ಹೆಂಡತಿಯನ್ನು ಕೇಳಿದೆ. ಅಮ್ಮ ಅಡ್ಡ ಬಂದಳು. "ಅವಳ ಕೈಯಡುಗೆಯಿಂದ್ಲೇ ಮಗೂಗೆ ಈ ಗತಿ. ಇನ್ನು ಅವಳ ರಕ್ತ ಬೇರೆ ಕೇಡು! ನನ್ನ ಮಗ ಗುಂಡುಕಲ್ಲಿನ ಹಾಗಿದಾನೆ, ಅವನದೇ ತಗೊ" ಅಂದಳು. ನೀನು ಗೋಡೆ ನೋಡಿಕೊಂಡು "ಆಗ್ಲಿ" ಅಂದೆ. ಸರಿ, ನೀನೇ.

ಇಪ್ಪತ್ತೆರಡು ಪ್ರಶ್ನೆಗಳ ಅರ್ಜಿ ಇಟ್ಟಿದ್ದೇನೆ. ನಿನ್ನ ಕೈಯಲ್ಲೇ ತುಂಬು. ಒಂಬತ್ತನೆಯದು, ಮಲದಲ್ಲಿ ರಕ್ತ ಹೋಗಿದೆಯೇ ಎಂಬುದು. ನಾಚಿಕೊಳ್ಳಬೇಡ, ನನ್ನ ದಿನಗಳೆಲ್ಲ ಇಂಥ ಮಾತಿನಲ್ಲೇ ಕಳೆಯುತ್ತವೆ. ತಮಾಷೆ ಬರೆಯಬೇಡ.

ಇಂತಿ,
ಅಕ್ಕ


ಜನವರಿ ೨೪

ಅಕ್ಕನಿಗೆ ನಮಸ್ಕಾರ.

ಅರ್ಜಿ ತುಂಬಿದ್ದೇನೆ, ಇದರ ಜೊತೆಗಿದೆ. ಇಪ್ಪತ್ತೆರಡಕ್ಕೂ "ಇಲ್ಲ". ನಾನು ರಜೆ ಕೇಳಿದಾಗ ನಮ್ಮ ಡಿಪೋ ಮ್ಯಾನೇಜರು ಕೂಡ ಇಷ್ಟು ಸಲ ಇಲ್ಲ ಅಂದಿಲ್ಲ. ಮೊನ್ನೆ ಅಪ್ಪ ಮಗಳು ಇಬ್ಬರೂ ಹೋಗಿ ರಕ್ತ ಕೊಟ್ಟು ಬಂದೆವು. ಬುಗುರಿ ಪಿಟಕ್ಕೆನ್ನಲಿಲ್ಲ. ನನಗೇ ಸೂಜಿ ಕಂಡು ಬೆವರು. "ತೋಳಿನ ರಕ್ತದಿಂದ ಹೊಟ್ಟೆ ಸುದ್ದಿ ಹೆಂಗ್ರೀ ಗೊತ್ತಾಗುತ್ತೆ?" ಅಂತ ನರ್ಸನ್ನು ಕೇಳಿದೆ. "ನಿಮ್ಮಕ್ಕನ್ನೇ ಕೇಳಿ" ಅಂದಳು. ನಾನು ಕೇಳುವುದಿಲ್ಲ ಬಿಡು, ನೀನು ಎರಡು ಗಂಟೆ ಪಾಠ ಮಾಡುತ್ತೀಯ.

ನನಗೆ ಹೊಸ ಹೆಸರು ಬಿದ್ದಿದೆ. ಟೈರಣ್ಣ. ಐದು ಗಂಟೆಯ ದಾರಿಯಲ್ಲಿ ನಾಲ್ಕು ಕಡೆ ಬಸ್ಸು ನಿಲ್ಲಿಸಿ, ಇಳಿದು, ಟೈರು ನೋಡಿ ಬರುತ್ತೇನಂತೆ. ನಮ್ಮ ಕಂಡಕ್ಟರು ಜನರಿಗೆ ಹೇಳುತ್ತಾನೆ: "ಟೈರಣ್ಣ ಹೆಂಡ್ತೀನ ನೋಡ್ಕೊಳ್ಳೋದಕ್ಕಿಂತ ಟೈರ್ನ ಚೆನ್ನಾಗಿ ನೋಡ್ಕೋತಾನೆ." ಬಸ್ಸೆಲ್ಲ ನಗುತ್ತದೆ. ನಗಲಿ, ಹದಿನೇಳು ವರ್ಷದಲ್ಲಿ ಒಂದು ಸಲ ಕೂಡ ದಾರಿಯಲ್ಲಿ ಟೈರು ಒಡೆದಿಲ್ಲ.

ಬುಗುರಿ ನಿನ್ನೆ ಹನ್ನೊಂದು ಸಲ ಹೋದಳು. ಬಚ್ಚಲ ಕದದ ಹಿಂದೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾಳೆ. ಒಂದು ಕಡೆ ಕೂರದವಳು ಅಂತ ನೀನೇ ಇಟ್ಟ ಹೆಸರು, ಈಗ ಮಂಚ ಬಿಟ್ಟು ಏಳುವುದಿಲ್ಲ. ಶಾಲೆಯಲ್ಲಿ ಬಾಗಿಲ ಹತ್ತಿರದ ಬೆಂಚು ಕೊಟ್ಟಿದ್ದಾರೆ. ಅದಕ್ಕೇ ಅವಳು ಹೋಗುವುದಿಲ್ಲ, ಎಲ್ಲರಿಗೂ ಯಾಕೆ ಅಂತ ಗೊತ್ತಲ್ಲ. ಅಡುಗೆಮನೆ ಈಗ ಪೂರ್ತಿ ಅಮ್ಮನದು. ನನ್ನ ಹೆಂಡತಿ ಹಿಂದಿನ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಿಸುತ್ತಿರುತ್ತಾಳೆ. ಒಂದು ರೀತಿಯಲ್ಲಿ ಅವಳಿಗೂ ವಿಶ್ರಾಂತಿ ಸಿಕ್ಕ ಹಾಗಾಯಿತು.

ನಿನ್ನ
ತಮ್ಮ


ಮಾರ್ಚ್ ೩೦

ತಮ್ಮನಿಗೆ,

ನೀವಿಬ್ಬರೂ ಬದುಕಿದ್ದೀರಿ. ಎಂಟು ಜನರ ರಕ್ತ ಒಟ್ಟಿಗೆ ಬಂದಿತ್ತು, ಐದು ಹಿಡಿದವು, ಅದರಲ್ಲಿ ನಿಮ್ಮ ಎರಡೂ ಇವೆ. ಬುಗುರಿ ಹದಿನೇಳನೇ ತಟ್ಟೆ, ಹಳದಿ ಪಟ್ಟಿ. ನೀನು ಹದಿನೆಂಟು, ನೀಲಿ ಪಟ್ಟಿ. ಮೈಯ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಹಳೆಯ ರಸ ಹೀರಿ ತೆಗೆದು ಹೊಸದು ಹಾಕಬೇಕು. ಭಾನುವಾರವೂ ಬಿಡುವಿಲ್ಲ. ಅದಕ್ಕೇ ನಾನು ಊರಿಗೆ ಬಂದರೂ ಶನಿವಾರ ಸಂಜೆ ಬಂದು ರಾತ್ರಿಯೇ ಹೊರಡುವುದು. ಅಮ್ಮನಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗಿಲ್ಲ.

ಇವು ನಮ್ಮ ಮನೆಯವೆಂದು ದೊಡ್ಡ ಮೇಡಂಗೆ ಮೊದಲೇ ತಿಳಿಸಿದ್ದೇನೆ. ಹಾಗಾಗಿ ಸಾಕುವುದು ಮಾತ್ರ ನನ್ನ ಕೆಲಸ. ನೋಡಿ ಲೆಕ್ಕ ಹಾಕುವವನು ಮೈಕ್ರೋಸ್ಕೋಪಿನ ಹುಡುಗ. ಯಾವುದು ಕಾಯಿಲೆಯದು, ಯಾವುದು ಅಲ್ಲ ಎಂದು ಅವನಿಗೆ ಹೇಳಿರುವುದಿಲ್ಲ. ನಮ್ಮ ಮೊದಲ ನಿಯಮ, ಒಂದು ತಟ್ಟೆಯ ರಸದ ಬಾಟಲಿ ಇನ್ನೊಂದು ತಟ್ಟೆಗೆ ತಾಗಬಾರದು. ಒಂದು ಹನಿ ದಾಟಿದರೂ ಒಬ್ಬರ ಕೋಶ ಇನ್ನೊಬ್ಬರಲ್ಲಿ ಬೆಳೆದು ಎರಡೂ ಕೆಡುತ್ತವೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಒಂದನ್ನೂ ಬೆರೆಸಿಲ್ಲ. ಇಲ್ಲಿ ನನ್ನನ್ನು ಗಡಿಯಾರ ಅನ್ನುತ್ತಾರೆ, ಬೆನ್ನ ಹಿಂದೆ.

ನಿನ್ನ ಹೆಂಡತಿಯ ವಿಶ್ರಾಂತಿಯ ವಿಷಯ ಓದಿದೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ಇಂತಿ,
ಅಕ್ಕ


ಏಪ್ರಿಲ್ ೧೯

ಅಕ್ಕನಿಗೆ,

ನನ್ನನ್ನು ಬೆಚ್ಚಗೆ ಇಟ್ಟಿದ್ದೀಯಲ್ಲ, ಸಂತೋಷ. ಇಲ್ಲಿ ಡ್ರೈವರ್ ಸೀಟಿನ ಕೆಳಗೆ ಎಂಜಿನ್ನೇ ಇದೆ, ಅದಕ್ಕಿಂತ ಬೆಚ್ಚಗೆ ಇರಲಾರದು.

ಬುಗುರಿ ಹಾಗೇ ಇದ್ದಾಳೆ. ಬೇಸಿಗೆ ರಜೆಯಲ್ಲೇ, ಮೇ ಕೊನೆಗೆ ಅವಳ ಕ್ಲಾಸಿನವರೆಲ್ಲ ಪ್ರವಾಸ ಹೋಗುತ್ತಾರಂತೆ. ಬುಗುರಿ ಹೆಸರು ಕೊಡಲಿಲ್ಲ. ಬೇರೆ ಸುದ್ದಿ ಏನಿಲ್ಲ. ನನ್ನ ಖಾಕಿ ಪ್ಯಾಂಟು ಸಡಿಲ ಆಗಿದೆ ಅಂತ ಇವಳು ಹಿಡಿದು ಹೊಲಿದಳು. ವಯಸ್ಸು, ಅಷ್ಟೇ.

ತಮ್ಮ


ಜೂನ್ ೨೦

ತಮ್ಮನಿಗೆ,

ಎರಡು ತಿಂಗಳಿಂದ ನಿನ್ನ ಪತ್ರವಿಲ್ಲ. ಇರಲಿ.

ಕರುಳುಗಳು ಆಗಿವೆ. ಮೈಕ್ರೋಸ್ಕೋಪಿನ ಕೆಳಗೆ ಮುತ್ತಿನ ಹಾಗೆ ಕಾಣುತ್ತವೆ ಎಂದು ಹೊಸದಾಗಿ ಸೇರಿದವರು ಅನ್ನುತ್ತಾರೆ. ನನಗೆ ಕರುಳಿನ ಹಾಗೇ ಕಾಣುತ್ತವೆ. ಮೊನ್ನೆ ಮೊದಲ ಪರೀಕ್ಷೆ ಆಯಿತು. ಹೊರಗಿನ ನೀರಿಗೆ ಹಸಿರಾಗಿ ಹೊಳೆಯುವ ಬಣ್ಣ ಹಾಕುತ್ತಾರೆ. ಗೋಡೆ ಗಟ್ಟಿ ಇದ್ದರೆ ಬಣ್ಣ ಹೊರಗೇ ಉಳಿದು ಒಳಗು ಕಪ್ಪಾಗಿ ಕಾಣುತ್ತದೆ. ಆಮೇಲೆ ಉರಿ ಎಬ್ಬಿಸುವ ಒಂದು ಪ್ರೋಟೀನು ಹಾಕಿ ಕೆಣಕುತ್ತಾರೆ. ಆರೋಗ್ಯದ ಗೋಡೆ ಅದನ್ನು ತಡೆದುಕೊಳ್ಳುತ್ತದೆ. ಕಾಯಿಲೆಯದು ಸೋರುತ್ತದೆ, ಬಣ್ಣ ಒಳಗೆ ನುಗ್ಗುತ್ತದೆ.

ಹದಿನೇಳು ಸೋರಿತು. ಅದು ನಿರೀಕ್ಷಿಸಿದ್ದೇ. ಹದಿನೆಂಟೂ ಸೋರಿತು.

ಮೈಕ್ರೋಸ್ಕೋಪಿನವನು ಮೂರು ಸಲ ಮಾಡಿದ, ಮೂರು ಸಲವೂ ಅದೇ. "ಇವೆರಡೂ ಒಬ್ರದೇನಾ ಮೇಡಂ?" ಅಂತ ನನ್ನನ್ನು ಕೇಳಿದ. ಅಲ್ಲ ಅಂದೆ. ಮುಂದಿನ ವಾರ ಬೇರೆ ಕಂತಿನ ಪ್ರೋಟೀನು ತರಿಸಿ ಮತ್ತೆ ನೋಡುತ್ತಾರೆ.

ಇಂತಿ,
ಅಕ್ಕ


ಜುಲೈ ೪

ತಮ್ಮನಿಗೆ,

ಬೇರೆ ಕಂತಿನಲ್ಲೂ ಹದಿನೆಂಟು ಸೋರಿತು. ಉಳಿದವರ ಆರೋಗ್ಯದ ತಟ್ಟೆಗಳೆಲ್ಲ ಗಟ್ಟಿ ನಿಂತಿವೆ, ನಿನ್ನದೊಂದು ಬಿಟ್ಟು.

ದೊಡ್ಡ ಮೇಡಂ ಒಳಗೆ ಕರೆದು ಕೂರಿಸಿದರು. ಕೂರಿಸಿದಾಗಲೇ ಗೊತ್ತಾಯಿತು, ಇಲ್ಲಿ ಒಳ್ಳೆಯ ಸುದ್ದಿಯನ್ನು ನಿಂತೇ ಹೇಳುತ್ತಾರೆ. "ಹದಿನೇಳರ ಕೋಶ ಹದಿನೆಂಟಕ್ಕೆ ದಾಟಿರ್ಬಹುದು ಅನ್ಸುತ್ತೆ. ಎರಡನ್ನೂ ಸಾಕಿದ್ದು ನೀವೊಬ್ರೇ" ಅಂದರು. ಬೆರೆತಿದೆಯೋ ಇಲ್ಲವೋ ತಿಳಿಯುವ ಪರೀಕ್ಷೆಯನ್ನು ಹೊರಗಡೆ ಮಾಡಿಸಬೇಕು, ಉತ್ತರ ಬರಲು ಏಳು ವಾರ. ಮೂರು ಔಷಧಿಗಳ ಪರೀಕ್ಷೆ ಆಗಸ್ಟ್ ಹತ್ತಕ್ಕೆ ಶುರು. ಆ ದಿನಕ್ಕೆ ಅನುಮಾನ ತೀರದ ತಟ್ಟೆ ಪರೀಕ್ಷೆಗೆ ಹೋಗುವುದಿಲ್ಲ. ಮುಂದಕ್ಕೆಂದು ಹೆಪ್ಪುಗಟ್ಟಿಸಿಟ್ಟ ಕೋಶಗಳೂ ನನ್ನ ಕೈಯಿಂದಲೇ ಹೋದವು, ಅವನ್ನೂ ನಂಬುವ ಹಾಗಿಲ್ಲ. ಅಂದರೆ ಬುಗುರಿ ಈ ಸುತ್ತಿನಿಂದ ಹೊರಗೆ. ಮುಂದಿನ ಸುತ್ತು ಬರುವ ವರ್ಷ.

ಹೊರಗಿನ ಉತ್ತರ ಬರುವವರೆಗೆ ನಾನು ಕೋಶಗಳ ಕೋಣೆಗೆ ಹೋಗುವಂತಿಲ್ಲ. ಬಾಟಲಿ ತೊಳೆಯುವ ಕೆಲಸ ಕೊಟ್ಟಿದ್ದಾರೆ. ಅದನ್ನೂ ಯಾರಾದರೂ ಮಾಡಲೇಬೇಕು.

ಅಕ್ಕ


ಜುಲೈ ೧೦

ಅಕ್ಕನಿಗೆ,

ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ನಿನಗೆ ಬಾಟಲಿ ತೊಳೆಯುವ ಕೆಲಸವೇ! ಆ ಮೇಡಂಗೆ ಕಣ್ಣಿಲ್ಲವೇ?

ನನಗನ್ನಿಸುವುದು, ಯಂತ್ರದ್ದೇ ಏನೋ ಕಿತಾಪತಿ ಇರಬೇಕು. ಇಲ್ಲವೇ ಆ ಮೈಕ್ರೋಸ್ಕೋಪಿನ ಹುಡುಗ ಹೊಸಬ, ಅವನೇ ಎಡವಟ್ಟು ಮಾಡಿರಬೇಕು. ನೀನೇ ಒಂದು ಮಾತು ಹೇಳಿ ನೋಡು. ಹದಿನೆಂಟನ್ನು ಸುಮ್ಮನೆ ಬಿಸಾಡಿ ಬೇರೆ ಯಾರದಾದರೂ ಇಟ್ಟರೆ ಆಗುವುದಿಲ್ಲವೇ? ಯಾರಿಗೆ ಗೊತ್ತಾಗುತ್ತದೆ?

ಬುಗುರಿಗೆ ಇನ್ನೂ ಏನೂ ಹೇಳಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ಹತ್ತರ ಸುತ್ತ ಅವಳೇ ಗುಂಡಗೆ ಗೀಚಿಟ್ಟಿದ್ದಾಳೆ.

ತಮ್ಮ


ಜುಲೈ ೧೯

ತಮ್ಮನಿಗೆ,

ಬಿಸಾಡಿದರೆ ಅನುಮಾನ ಹೋಗುವುದಿಲ್ಲ. ಹದಿನೆಂಟು ಕೆಟ್ಟದ್ದು ಹೇಗೆಂದು ತಿಳಿಯದೆ ಹದಿನೇಳನ್ನೂ ನಂಬುವಂತಿಲ್ಲ. ಇದು ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಗವಲ್ಲ.

ಮೈಕ್ರೋಸ್ಕೋಪಿನವನನ್ನು ದೂರಬೇಡ. ತನಗೆ ಕಂಡದ್ದನ್ನು ಕಂಡ ಹಾಗೇ ಬರೆದಿದ್ದಾನೆ.

ಬಾಟಲಿ ತೊಳೆಯುವಾಗ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಮೇ ತಿಂಗಳ ಎರಡನೇ ಭಾನುವಾರ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಒಳಗೆ ಹೋಗುವ ಮೊದಲು ಅಮ್ಮನ ಫೋನು ಬಂದಿತ್ತು, ಬುಗುರಿಗೆ ರಕ್ತ ಏರಿಸುತ್ತಿದ್ದಾರೆ ಎಂದು. ಹಳದಿ ಪಟ್ಟಿಯ ಬಾಟಲಿ ತೆರೆದದ್ದು ನೆನಪಿದೆ. ಮುಚ್ಚಿದ್ದು ನೆನಪಿಲ್ಲ. ಮುಚ್ಚಿರಲೇಬೇಕು, ಮುಚ್ಚದೆ ನಾನು ಎಂದೂ ಎದ್ದವಳಲ್ಲ. ಆದರೆ ನೆನಪಿಲ್ಲ. ಕಳೆದ ಹತ್ತು ದಿನದಲ್ಲಿ ಆ ಭಾನುವಾರವನ್ನು ನೂರು ಸಲ ನಡೆದು ನೋಡಿದ್ದೇನೆ, ಪ್ರತಿ ಸಲವೂ ಬಾಟಲಿ ತೆರೆದೇ ಇರುತ್ತದೆ.

ನಾನು ಸಾಕಿದ ತಟ್ಟೆಗಳು ಇನ್ನೂ ಹದಿಮೂರು ಇವೆ, ಹದಿಮೂರು ಮನೆಯವರವು. ಯಾವ ದಿನ ಬೆರೆಯಿತೆಂದು ನಾನು ಹೇಳದಿದ್ದರೆ ಅವಕ್ಕೂ ಅನುಮಾನ ತಗುಲುತ್ತದೆ. ಹೇಳಿದರೆ ಈ ಎರಡರಲ್ಲೇ ಮುಗಿಯುತ್ತದೆ. ಹಾಗಾಗಿ ಮೂವತ್ತೊಂದನೇ ತಾರೀಖು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ. ಅದೇ ದಿನ ಹದಿನೇಳು, ಹದಿನೆಂಟು ಎರಡಕ್ಕೂ ಬ್ಲೀಚು ಸುರಿಯುತ್ತಾರೆ. ನನಗೆ ಮತ್ತೆ ಆ ಕೋಣೆ ಸಿಗುವುದಿಲ್ಲ.

ಬುಗುರಿಗೆ ನೀನು ಹೇಳಬೇಡ. ಅತ್ತೆಯ ಕೈ ತಪ್ಪಿತೆಂದು ನಾನೇ ಬಂದು ಹೇಳುತ್ತೇನೆ. ದುಃಖವಾಗುತ್ತಿದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಅಕ್ಕ


ಜುಲೈ ೨೪

ಅಕ್ಕಾ,

ಸಹಿ ಹಾಕಬೇಡ. ಬಾಟಲಿ ಮುಚ್ಚಿದ್ದೆ ನೀನು. ನನಗೆ ಗೊತ್ತು.

ಒಂಬತ್ತನೇ ಪ್ರಶ್ನೆಗೆ ಉತ್ತರ ಹೌದು. ಹತ್ತಕ್ಕೂ ಹೌದು, ಹನ್ನೊಂದಕ್ಕೂ, ಹದಿನಾರಕ್ಕೂ. ಎಂಟು ವರ್ಷ ಆಯಿತು. ನಾನು ದಾರಿಯಲ್ಲಿ ಇಳಿಯುವುದು ಟೈರು ನೋಡಲಿಕ್ಕಲ್ಲ. ಮೊದಲನೆಯದು ಪೆಟ್ರೋಲ್ ಬಂಕು. ಎರಡನೆಯದು ಸಿಮೆಂಟ್ ಅಂಗಡಿಯ ಹಿಂದೆ. ಮೂರನೆಯದು ಒಂದು ಶಾಲೆ, ಅಲ್ಲಿಯ ಜವಾನನಿಗೆ ನನ್ನ ಗುಟ್ಟು ಗೊತ್ತು, ಕದ ತೆಗೆದೇ ಇಟ್ಟಿರುತ್ತಾನೆ. ನಾಲ್ಕನೆಯದು ಸೇತುವೆಯ ಆಚೆ, ಕದ ಇಲ್ಲ. ವಾಪಸ್ ಬರುವಾಗ ಎರಡು ಸಲ ಟೈರಿಗೆ ಒದ್ದು ಹತ್ತುತ್ತೇನೆ, ಜನ ನಂಬಲಿ ಅಂತ. ಬೇರೆ ಊರಿನ ಒಬ್ಬ ಡಾಕ್ಟರ ಹತ್ತಿರ ತೋರಿಸಿದ್ದೆ. ಬುಗುರಿಯದಕ್ಕೆ ಇರುವ ಹೆಸರನ್ನೇ ನನ್ನದಕ್ಕೂ ಹೇಳಿದರು. ಮಾತ್ರೆ ಬಸ್ಸಿನ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರಿನ ಕೆಳಗಿದೆ.

ಮೊದಮೊದಲು ಹೇಳದೆ ಇದ್ದದ್ದು ಕೆಲಸದ ಭಯಕ್ಕೆ. ಹೀಗೆ ಅಂತ ಗೊತ್ತಾದರೆ ದೂರದ ದಾರಿಯಿಂದ ಇಳಿಸಿ ಡಿಪೋ ಮೇಜಿಗೆ ಕೂರಿಸುತ್ತಾರೆ. ನನಗೆ ಓಡಿಸುವುದು ಬಿಟ್ಟು ಬೇರೇನು ಬರುತ್ತದೆ? ಆಮೇಲೆ ಬುಗುರಿಗೆ ಬಂತು. ಆಸ್ಪತ್ರೆಯಲ್ಲಿ ಹೊಟ್ಟೆ ಡಾಕ್ಟರು "ಮನೇಲಿ ಯಾರಿಗಾದ್ರೂ ಇದೆಯಾ?" ಅಂತ ಕೇಳಿದರು. ಅಮ್ಮ ಇದ್ದಳು, ಇವಳಿದ್ದಳು. ನಾನು ಇಲ್ಲ ಅಂದೆ. ಅದೊಂದು ಇಲ್ಲ ಬಾಯಿಂದ ಬಿದ್ದಮೇಲೆ ಉಳಿದವೆಲ್ಲ ಸಲೀಸಾದವು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಅಮ್ಮ ಶುರು ಮಾಡಿದಳು, ಅಡುಗೆ, ಅಡುಗೆ ಅಂತ. ಆವತ್ತು ನಾನು ಬಾಯಿ ಬಿಡಲಿಲ್ಲ. ಹದಿನಾಲ್ಕು ತಿಂಗಳಿಂದ ಅವಳು ಹೆತ್ತ ಮಗಳಿಗೆ ಒಂದು ತುತ್ತು ಮಾಡಿ ಹಾಕಿಲ್ಲ. ನಾನು ಅದಕ್ಕೆ ವಿಶ್ರಾಂತಿ ಅಂತ ಬರೆದೆ, ಥೂ.

ಹೊಟ್ಟೆಯ ಗುಟ್ಟು ತೋಳಿನ ರಕ್ತದಲ್ಲಿ ಇರಲಾರದು ಅಂದುಕೊಂಡು ಕೈ ಚಾಚಿದೆ. ನಿನ್ನ ತಟ್ಟೆಯಲ್ಲಿ ಅದು ಐದು ತಿಂಗಳಲ್ಲಿ ಬೆಳೆದು ನಿಂತು ಸಾಕ್ಷಿ ಹೇಳುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಿನ್ನೆ ಸಂಜೆ ಮೊದಲು ಇವಳಿಗೆ ಹೇಳಿದೆ, ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು. ಕೈಯಲ್ಲಿದ್ದ ಅಂಗಿ ಪೂರ್ತಿ ಮಡಿಸಿ ಮುಗಿಸಿದಳು. "ಎಂಟು ವರ್ಷ ನಿಮ್ಮ ಬಟ್ಟೆ ಒಗೆದೋಳು ನಾನು. ನಂಗೆ ಅನುಮಾನ ಬರಲ್ವಾ? ನೀವಾಗೇ ಹೇಳ್ಲಿ ಅಂತ ಕಾದೆ" ಅಂದಳು. ಅಷ್ಟೇ ಅಂದದ್ದು. ಅವಳು ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಆಮೇಲೆ ಒಳಗೆ ಹೋಗಿ ಅಮ್ಮನಿಗೂ ಹೇಳಿದೆ. ಅಮ್ಮ ಏನಂದಳು ಗೊತ್ತೇ? "ಹಾಗಾದ್ರೆ ನಿಂಗೂ ಅವಳ ಅಡುಗೆಯಿಂದ್ಲೇ ಬಂದಿರ್ಬೇಕು."

ಈ ಪತ್ರವನ್ನು ನಿನ್ನ ಮೇಡಂಗೆ ತೋರಿಸು. ಡಿಪೋಗೆ ನಾನೇ ನಾಳೆ ಹೇಳುತ್ತೇನೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ ಅನ್ನಲು ನನಗೆ ಬಾಯಿ ಬರುವುದಿಲ್ಲ.

ತಮ್ಮ


ಆಗಸ್ಟ್ ೫

ತಮ್ಮನಿಗೆ,

ಪತ್ರ ಇಪ್ಪತ್ತೊಂಬತ್ತಕ್ಕೆ ತಲುಪಿತು. ಮೇಡಂ ನಿಂತೇ ಓದಿದರು. ಆಮೇಲೆ ಬೇರೆ ಊರಿನ ಆ ಡಾಕ್ಟರ ಚೀಟಿ ತರಿಸಿಕೊಂಡರು. ನೀನು ತಡಮಾಡದೆ ಕಳಿಸಿದ್ದು ಒಳ್ಳೆಯದಾಯಿತು. ಹದಿನೆಂಟು ಕೆಟ್ಟಿಲ್ಲ, ಅದರದೇ ಕಾಯಿಲೆಯಿಂದ ಸೋರಿದೆ ಎಂದು ದಾಖಲೆಯಲ್ಲಿ ಬರೆದರು. ಹದಿನೇಳು ಹತ್ತನೇ ತಾರೀಖಿನ ಪರೀಕ್ಷೆಗೆ ಹೋಗುತ್ತದೆ. ಹದಿನೆಂಟನ್ನು ಕಾಯಿಲೆಯ ಸಾಲಿಗೆ ಸರಿಸಿದ್ದಾರೆ. ಒಂದೇ ಮನೆಯ ಎರಡು ಕಾಯಿಲೆಯ ಕರುಳು ಸಿಗುವುದು ಅಪರೂಪ ಎಂದು ಮೈಕ್ರೋಸ್ಕೋಪಿನವನು ಖುಷಿಯಲ್ಲಿದ್ದಾನೆ. ಅವನ ಖುಷಿಗೆ ನಾನು ಸೇರಲಿಲ್ಲ.

ನನಗೆ ಕೋಣೆ ವಾಪಸ್ ಸಿಕ್ಕಿತು. ಮೊದಲ ದಿನ ಬಾಟಲಿ ಮುಚ್ಚಿ, ಮುಚ್ಚಿದೆನೇ ಎಂದು ಆರು ಸಲ ನೋಡಿದೆ. ಇಪ್ಪತ್ತೊಂದು ವರ್ಷ ಒಂದೇ ಸಲ ನೋಡುತ್ತಿದ್ದವಳು. ಇದಕ್ಕೆ ನಿನ್ನ ಮೇಲೆ ಸಿಟ್ಟಿದೆ. ಸದ್ಯಕ್ಕೆ ಇರುತ್ತದೆ.

ಹೋಲಿಸಲು ಆರೋಗ್ಯದ ಕರುಳು ಈಗಲೂ ಬೇಕು. ಸದ್ಯದ ಸುತ್ತಿಗೆ ಬೇರೆ ಮನೆಯವರದನ್ನು ಇಟ್ಟುಕೊಳ್ಳುತ್ತಾರೆ, ಆದರೆ ನಿಮ್ಮ ಮನೆಯದೇ ಆದರೆ ಮೇಲು. ಅರ್ಜಿ ಜೊತೆಗಿದೆ. ಇದು ನಿನ್ನ ಹೆಂಡತಿಗೆ. ನೀನು ಮುಟ್ಟಬೇಡ, ಅಮ್ಮನ ಕೈಗೂ ಕೊಡಬೇಡ. ಕೊಡುವುದೂ ಬಿಡುವುದೂ ಅವಳ ಇಷ್ಟ.

ಅಕ್ಕ


ಆಗಸ್ಟ್ ೨೧

ಅಕ್ಕನವರಿಗೆ ನಮಸ್ಕಾರಗಳು.

ಅರ್ಜಿ ತುಂಬಿದ್ದೇನೆ. ಹದಿನಾಲ್ಕನೇ ಪ್ರಶ್ನೆಗೆ ಮಾತ್ರ ಹೌದು: ಹೆರಿಗೆ ಆದಮೇಲೆ ಒಂದು ವರ್ಷ ಹೊಟ್ಟೆ ಉರಿ ಇತ್ತು, ತಾನಾಗೇ ಹೋಯಿತು. ಇದರಿಂದ ತೊಂದರೆ ಆಗುವುದಾದರೆ ತಿಳಿಸಿ. ರಕ್ತ ಕೊಟ್ಟು ಬಂದಿದ್ದೇನೆ, ಒಬ್ಬಳೇ ಹೋಗಿದ್ದೆ.

ಹಿಂದಿನ ಮೆಟ್ಟಿಲ ಪಕ್ಕ ಒಂದು ಚಿಕ್ಕ ಒಲೆ ಇಟ್ಟುಕೊಂಡಿದ್ದೇನೆ. ಅತ್ತೆ ಅಡುಗೆಮನೆ ಬಿಟ್ಟುಕೊಟ್ಟಿಲ್ಲ, ನಾನು ಕೇಳಲೂ ಇಲ್ಲ. ಮಧ್ಯಾಹ್ನ ಬುಗುರಿ ತಟ್ಟೆ ಹಿಡಿದುಕೊಂಡು ಅಲ್ಲಿಗೇ ಬರುತ್ತಾಳೆ. ಸಪ್ಪೆ ಊಟವೇ, ಡಾಕ್ಟರು ಹೇಳಿದ್ದೇ. ಇವರೂ ಬಂದು ಮೂರನೇ ಮೆಟ್ಟಿಲ ಮೇಲೆ ಕೂರುತ್ತಾರೆ. ನಾನಾಗಿ ಬಡಿಸುವುದಿಲ್ಲ. ಅವರೇ ಹಾಕಿಕೊಳ್ಳುತ್ತಾರೆ.

ಇಂತಿ ನಮಸ್ಕಾರಗಳೊಂದಿಗೆ,
ಬುಗುರಿಯ ಅಮ್ಮ


ಡಿಸೆಂಬರ್ ೩

ಅಕ್ಕನಿಗೆ,

ನಿನ್ನ ತಟ್ಟೆಯಲ್ಲಿ ಮೂರನೇ ಔಷಧಿಗೆ ಸೋರುವುದು ಅರ್ಧಕ್ಕೆ ಇಳಿಯಿತು ಅಂತ ಬರೆದಿದ್ದೆಯಲ್ಲ, ಹೊಟ್ಟೆ ಡಾಕ್ಟರು ಅದನ್ನೇ ಹಿಡಿದರು. ಎಂಟು ವಾರ ಆಯಿತು. ಬಚ್ಚಲ ಕದದ ಹಿಂದೆ ಈಗ ದಿನಕ್ಕೆ ನಾಲ್ಕು ಗೀಟು, ಒಂದೊಂದು ದಿನ ಮೂರು. ಪೂರ್ತಿ ಗುಣ ಅಂತ ಡಾಕ್ಟರು ಅನ್ನಲಿಲ್ಲ, ನೋಡೋಣ ಅಂದರು. ನನಗೂ ಅದನ್ನೇ ಕೊಟ್ಟಿದ್ದಾರೆ.

ಡಿಪೋ ಮೇಜಿನ ಕೆಲಸ ನೀನಂದುಕೊಂಡಷ್ಟು ಕೆಟ್ಟದಲ್ಲ, ನಾನಂದುಕೊಂಡಷ್ಟು ಕೆಟ್ಟದು. ಕಂಡಕ್ಟರು ದಿನಾ ಬಂದು "ಟೈರಣ್ಣ, ಕುರ್ಚಿ ಕಾಲಲ್ಲಿ ಗಾಳಿ ಸರಿಯಾಗಿದೆಯಾ ನೋಡ್ಕೊ" ಅಂತಾನೆ. ಒಂದು ದಿನ ಎಲ್ಲ ಹೇಳಿಬಿಟ್ಟೆ. ಅವನು ಎರಡು ಟೀ ತರಿಸಿದ. ಮಾರನೇ ದಿನ ಮತ್ತೆ ಅದೇ ಕೇಳಿದ. ನ್ಯಾಯವೇ.

ಶಾಲೆಯಲ್ಲಿ ಜನವರಿಗೆ ಇನ್ನೊಂದು ಪ್ರವಾಸ. ನನ್ನ ಹಳೆಯ ದಾರಿಯಲ್ಲೇ ಹೋಗುತ್ತಾರೆ. ಎಲ್ಲೆಲ್ಲಿ ಇಳಿಯಬಹುದು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ, ಅದನ್ನು ಬುಗುರಿಗೆ ಕೊಟ್ಟೆ. ನೀರು ಎಲ್ಲಿದೆ, ಚಿಲಕ ಎಲ್ಲಿ ಇಲ್ಲ, ಯಾರನ್ನು ಕೇಳಬೇಕು, ಎಲ್ಲ ಇದೆ. ಕೂತಲ್ಲೇ ಪೂರ್ತಿ ಓದಿದಳು. "ಅಪ್ಪಾ, ಸೇತುವೆ ಹತ್ರ ಕದ ಇಲ್ದೆ ಏನ್ ಮಾಡ್ತಿದ್ದೆ?" ಅಂದಳು. "ಜೋರಾಗಿ ಹಾಡು ಹೇಳ್ತಿದ್ದೆ, ಯಾರೂ ಬರ್ದಿರ್ಲಿ ಅಂತ" ಅಂದೆ. ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. ಹೆಸರು ಕೊಟ್ಟಿದ್ದಾಳೆ.

ಅಮ್ಮ ಇನ್ನೂ ಅಡುಗೆಮನೆಯಲ್ಲೇ ಇದ್ದಾಳೆ. ಇವಳು ಮೆಟ್ಟಿಲ ಹತ್ತಿರ. ಮನೆಯಲ್ಲಿ ಎರಡು ಒಲೆ.

ತಮ್ಮ


ಫೆಬ್ರವರಿ ೮

ಬುಗುರಿಯ ಅಮ್ಮನಿಗೆ,

ನೀನು ನಮ್ಮ ಮನೆಗೆ ಬಂದು ಹದಿನಾರು ವರ್ಷ. ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ.

ನಿನ್ನದು ಇಪ್ಪತ್ತೊಂಬತ್ತನೇ ತಟ್ಟೆ, ಬಿಳಿ ಪಟ್ಟಿ. ಹದಿನಾಲ್ಕನೇ ಪ್ರಶ್ನೆಗೆ ನೀನು ಬರೆದದ್ದನ್ನು ಮೇಡಂ ಓದಿ, ಇದೇನೂ ತೊಂದರೆ ಅಲ್ಲ ಅಂದರು. ಈ ಸುತ್ತಿನಲ್ಲಿ ಒಂದಕ್ಕಾದರೂ ಹೌದು ಎಂದು ಬರೆದ ಆರೋಗ್ಯವಂತೆ ನೀನೊಬ್ಬಳೇ. ಕಳೆದ ವಾರ ಪರೀಕ್ಷೆ ಆಯಿತು. ಬಣ್ಣ ಹಾಕಿ ಪ್ರೋಟೀನಿನಿಂದ ಕೆಣಕಿದರು. ಒಳಗು ಕಪ್ಪಾಗೇ ಇತ್ತು. ಎರಡರಷ್ಟು ಹಾಕಿದರು. ಆಗಲೂ ಕಪ್ಪಾಗೇ ಇತ್ತು. ಮೈಕ್ರೋಸ್ಕೋಪಿನವನು, ಇದು ಯಾರದೆಂದು ತಿಳಿಯದವನು, "ಮೇಡಂ, ಇದು ಏನ್ ಮಾಡಿದ್ರೂ ಜಗ್ತಾ ಇಲ್ಲ" ಅಂದ. ಯಾರದೆಂದು ನಾನು ಅವನಿಗೆ ಹೇಳುವ ಹಾಗಿಲ್ಲ. ನಿನಗೆ ಹೇಳಬಹುದು.

ಇನ್ನೊಂದು ವಿಷಯ ಇದೆ. ಅದಕ್ಕೆ ತಟ್ಟೆ ಬೇಕಿರಲಿಲ್ಲ. ಈ ಕಾಯಿಲೆ ತಾಯಿಯ ಕೈಯಡುಗೆಯಿಂದ ಬರುವುದಿಲ್ಲ. ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ಮಾತು ಆಡಿದ್ದು ನನಗೆ ಅದೇ ದಿನ ಫೋನಿನಲ್ಲಿ ತಿಳಿಯಿತು, ಅದು ಸುಳ್ಳೆಂದು ನನಗೆ ಅದೇ ದಿನ ಗೊತ್ತಿತ್ತು. ಆ ಮನೆಯಲ್ಲಿ ಅದನ್ನು ತಿಳಿದವಳು ನಾನೊಬ್ಬಳೇ. ಎಷ್ಟೋ ಶನಿವಾರ ಬಂದು, ನಿನ್ನನ್ನು ಹಿಂದಿನ ಮೆಟ್ಟಿಲ ಮೇಲೆ ನೋಡಿ, ಅಮ್ಮ ಬಡಿಸಿದ್ದನ್ನು ಉಂಡು ಹೊರಟಿದ್ದೇನೆ. ನನ್ನ ತಮ್ಮನಿಗೆ ಭಯವಾದರೂ ಇತ್ತು. ನನಗೆ ಅದೂ ಇರಲಿಲ್ಲ. ಅಮ್ಮನ ಹತ್ತಿರ ಯಾರು ತಲೆ ಚಚ್ಚಿಕೊಳ್ಳುವುದು ಎಂದು ಸುಮ್ಮನಿದ್ದೆ, ಅಷ್ಟೇ. ಅವನು ಅರ್ಜಿಯಲ್ಲಿ ಸುಳ್ಳು ಬರೆದ ಎಂದು ಸಿಟ್ಟಾದವಳು ನಾನು.

ಬರುವ ಭಾನುವಾರ ಬರುತ್ತೇನೆ. ಶನಿವಾರವಲ್ಲ, ಭಾನುವಾರ. ತಟ್ಟೆಗಳಿಗೆ ರಸ ಹಾಕಲು ಮೈಕ್ರೋಸ್ಕೋಪಿನವನಿಗೆ ಹೇಳಿಕೊಟ್ಟಿದ್ದೇನೆ. ಇಪ್ಪತ್ತೊಂದು ವರ್ಷದಲ್ಲಿ ನಾನಾಗಿ ಭಾನುವಾರ ಬಿಡುತ್ತಿರುವುದು ಇದೇ ಮೊದಲು. ಅವನು ನನಗಿಂತ ಹೆಚ್ಚು ಹೆದರಿದ್ದಾನೆ.

ಹೊರಗಿನ ಒಲೆಯನ್ನು ಒಳಗೆ ಎತ್ತಿಡು. ಅಮ್ಮ ಏನಾದರೂ ಅಂದರೆ ನಾನು ಹೇಳಿದ್ದೆಂದು ಹೇಳು. ಅಡುಗೆ ನೀನೇ ಮಾಡು, ಏನಾದರೂ ಸರಿ. ನಾನು ಅಮ್ಮನ ಎದುರಿಗೇ ಕೂತು ಉಣ್ಣುತ್ತೇನೆ. ನೀನು ಬಡಿಸಬೇಕಾಗಿಲ್ಲ, ನಾನೇ ಹಾಕಿಕೊಳ್ಳುತ್ತೇನೆ.

ಇಂತಿ,
ಅಕ್ಕ